ತೊಗಲು ಹಾಸಿದ ಕ್ಲಚ್ಚು

ನನ್ನ ಗಂಡ ಹೈದರಾಬಾದಿನಿಂದ ಕಾರು ತಂದ ದಿನ ನಮ್ಮತ್ತೆ ಅದನ್ನು ಹತ್ತಲಿಲ್ಲ. ಅದಕ್ಕೆ ಎರಡೇ ಬಾಗಿಲು. ಹಿಂದೆ ಕೂರಬೇಕಾದರೆ ಮುಂದಿನ ಸೀಟು ಮಡಚಿ, ಬೆನ್ನು ಬಗ್ಗಿಸಿ ತೂರಿಕೊಳ್ಳಬೇಕು. ಅತ್ತೆ ಬಾನೆಟ್ಟಿಗೆ ವಿಭೂತಿ ಹಚ್ಚಿ, ತೆಂಗಿನಕಾಯಿ ಒಡೆಸಿ, ಒಳಗೊಮ್ಮೆ ಇಣುಕಿ ನೋಡಿ ಹಿಂದೆ ಸರಿದರು.

“ಇದೇನಪ್ಪಾ, ಕುರಿ ಹೊಕ್ಕಂಗ ಹೊಗಬೇಕಲ್ಲ. ನಾ ಒಲ್ಲೆ. ನನಗ ಟಾಂಗಾನೇ ಛಲೋ.”

ಅವರು ನಕ್ಕರು. ನನ್ನ ಗಂಡನನ್ನು ನಾನು ಎಂದೂ ಹೆಸರು ಹಿಡಿದು ಕರೆದವಳಲ್ಲ. ಇಲ್ಲಿಯೂ ಅವರು ಎಂದೇ ಬರೆಯುತ್ತೇನೆ.

ನನ್ನ ತವರು ನಾರಾಯಣಖೇಡ. ನಾನು ಶಾಲೆಗೆ ಹೋಗುವಾಗ ಅದು ಬೀದರ ಜಿಲ್ಲೆಯಲ್ಲಿತ್ತು, ಮದುವೆಯ ಹೊತ್ತಿಗೆ ಆಂಧ್ರದ ಮೇದಕ ಜಿಲ್ಲೆಗೆ ಸೇರಿತ್ತು. ನನ್ನನ್ನು ತಾಂಡೂರಿಗೆ ಕೊಟ್ಟರು. ಗಂಡನ ಮನೆಯವರದು ಪರಸಿ ಕಲ್ಲಿನ ಗಣಿ. ನೆಲಕ್ಕೆ ಹಾಸುವ ಆ ಚಪ್ಪಟೆ ಕಲ್ಲು ಪದರುಪದರಾಗಿ ಭೂಮಿಯಲ್ಲಿ ಕೂತಿರುತ್ತದೆ; ಹಾರೆ ಹಾಕಿ ಎಬ್ಬಿಸಿ, ಅಂಚು ಕೆತ್ತಿ, ಲಾರಿಗೆ ಹೇರಬೇಕು. ಮಾವ ಆಗಲೇ ತೀರಿಹೋಗಿದ್ದರು. ಗಣಿ ಊರಿಂದ ದೂರ. ದಿನಾ ಹೋಗಿಬರಲು ಅವರಿಗೊಂದು ಗಾಡಿ ಬೇಕಿತ್ತು. ಬೇರೆ ಯಾರೇ ಆಗಿದ್ದರೂ ಜೀಪು ಕೊಳ್ಳುತ್ತಿದ್ದರು. ಅವರು ಯಾವುದೋ ಹಳೆಯ ಜಾಗೀರದಾರರ ಮಗ ಮಾರಲಿಟ್ಟಿದ್ದ ಈ ಕೆಂಪು ಕಾರನ್ನು ನೋಡಿದರು, ಮನಸ್ಸು ಅದರ ಮೇಲೆ ಹೋಯಿತು. ನೆಲಕ್ಕೆ ತಾಗಿದಂತೆ ತಗ್ಗಾಗಿತ್ತು, ಓಟಕ್ಕೆಂದೇ ಮಾಡಿದಂತಿತ್ತು. ತಾಂಡೂರಿನ ಹುಡುಗರು ಅದರ ಹಿಂದೆ ಓಡುತ್ತಿದ್ದರು.

ಆದರೆ ಅವರು ಹುಚ್ಚರಲ್ಲ. ನಮ್ಮ ಕಡೆಯ ರಸ್ತೆಗೆ ಅಂಥ ಕಾರು ನಡೆಯುವುದಿಲ್ಲ ಎಂದು ಅವರಿಗೆ ಮೊದಲ ವಾರವೇ ತಿಳಿಯಿತು. ಜಹೀರಾಬಾದಿನಲ್ಲಿ ಮುಂಬಯಿ ರಸ್ತೆಯ ಲಾರಿಗಳು ನಿಲ್ಲುವ ಕಡೆ ಸಾಲಾಗಿ ಗ್ಯಾರೇಜುಗಳಿದ್ದವು. ಅಲ್ಲೊಬ್ಬ ಮೆಕಾನಿಕ್ಕನನ್ನು ಹಿಡಿದರು. ಎಲ್ಲರೂ ಅವನನ್ನು ಉಸ್ತಾದ ಎನ್ನುತ್ತಿದ್ದರು, ನಾವೂ ಹಾಗೇ ಕರೆದೆವು. ಅವನು ಸ್ಪ್ರಿಂಗುಗಳ ಕೆಳಗೆ ಗಟ್ಟಿ ರಬ್ಬರು ಇಟ್ಟು ಕಾರನ್ನು ಎತ್ತರಿಸಿದ. ಎಂಜಿನ್ನಿನ ಹೊಟ್ಟೆಗೆ ಕಲ್ಲು ಬಡಿಯದಂತೆ ಅಡಿಯಲ್ಲಿ ದಪ್ಪ ತಗಡು ಬಿಗಿದ. ಗಣಿಯ ಸಾಮಾನು ಕಟ್ಟಲು ತಲೆಯ ಮೇಲೆ ಕಬ್ಬಿಣದ ಚೌಕಟ್ಟು ಕೂಡಿಸಿದ. ನೋಡಲು ಅಂದ ಕೆಟ್ಟಿತು, ಓಣಿಯವರು ಇದೇನು ಮದುಮಗನಿಗೆ ಮೂಟೆ ಹೊರಿಸಿದ್ದೀರಿ ಎಂದು ನಕ್ಕರು. ಆದರೆ ಕಾರು ದಿನಾ ಗಣಿಗೆ ಹೋಗಿ ಬಂತು. ಕಲ್ಲಿನ ಪುಡಿ ಕೂತು ಅದರ ಕೆಂಪು ಬೂದಿ ಬಣ್ಣಕ್ಕೆ ತಿರುಗಿತು. ಮಗಳು ಹುಟ್ಟಿದ ಮೇಲೆ ಅವಳನ್ನು ಶಾಲೆಗೆ ಬಿಟ್ಟು ಬಂದದ್ದೂ ಅದೇ ಕಾರು.

ಮಗಳು ಮೂರನೆಯ ಇಯತ್ತೆಯಲ್ಲಿದ್ದಾಗ ಅವರ ಕಾಲು ಹೋಯಿತು. ಲಾರಿಗೆ ಹೇರಲು ಕಲ್ಲುಗಳನ್ನು ಒಂದಕ್ಕೊಂದು ಆನಿಸಿ ನಿಲ್ಲಿಸಿದ್ದರಂತೆ. ಅವರು ಪಕ್ಕದಲ್ಲಿ ನಿಂತು ಎಣಿಸುತ್ತಿದ್ದಾಗ ಸಾಲು ಜಾರಿತು. ಎಡಗಾಲಿನ ಮೇಲೆ ಬಿದ್ದ ಕಲ್ಲುಗಳನ್ನು ಆಳುಗಳು ಎತ್ತುವಷ್ಟರಲ್ಲಿ ಪಾದ ಪಾದವಾಗಿ ಉಳಿದಿರಲಿಲ್ಲ. ಹೈದರಾಬಾದಿನ ದವಾಖಾನೆಯಲ್ಲಿ ಮೊಣಕಾಲಿನ ಕೆಳಗೆ ಒಂದು ಗೇಣು ಬಿಟ್ಟು ಉಳಿದದ್ದನ್ನು ತೆಗೆದರು.

ಮನೆಗೆ ಬಂದವರು ಮಾತು ಬಿಟ್ಟರು. ಅಂಗಳದಲ್ಲಿ ತಾಡಪತ್ರಿ ಹೊದಿಸಿ ನಿಲ್ಲಿಸಿದ ಕಾರಿಗೆ ಬೆನ್ನು ಮಾಡಿ ಕೂರುತ್ತಿದ್ದರು. ಡ್ರೈವರನೊಬ್ಬನನ್ನು ಇಟ್ಟೆವು. ಅವರು ಅವನ ಪಕ್ಕದಲ್ಲಿ ಕೂತು ಗಣಿಗೆ ಹೋದದ್ದು ಕೆಲವೇ ದಿನ. ಒಂದು ಮಧ್ಯಾಹ್ನ ಬಂದವರೇ ಅವನನ್ನು ಕಳಿಸಿಬಿಟ್ಟರು.

“ಯಾಕ್ರಿ? ಛಲೋ ನಡಸ್ತಿದ್ನಲ್ಲ?” ಎಂದೆ.

“ಛಲೋನೇ ನಡಸ್ತಾನ. ಅದಕ್ಕ ಬ್ಯಾಡ ಅಂದೆ.”

ಆಮೇಲೆ ಗಣಿಯನ್ನು ಮೇಸ್ತ್ರಿಯ ಕೈಗೆ ಬಿಟ್ಟರು. ಗಡ್ಡ ಬಿಟ್ಟರು. ಬೆಳಗ್ಗೆ ಲಿಂಗಪೂಜೆಗೆ ಕೂರುವಾಗ ಮಾತ್ರ ಏಳುತ್ತಿದ್ದರು, ಅದಕ್ಕೂ ನಾನು ಹಿಡಿದು ಕೂರಿಸಬೇಕಿತ್ತು; ಆಗ ನನ್ನ ಕೈಯನ್ನು ಅವರು ಎಷ್ಟು ದ್ವೇಷಿಸುತ್ತಿದ್ದರೆಂದು ನನಗೆ ಮುಟ್ಟಿದಾಗಲೆಲ್ಲ ತಿಳಿಯುತ್ತಿತ್ತು.

ಮರುವರ್ಷ ನನ್ನ ತಂದೆಗೆ ಹುಷಾರಿಲ್ಲವೆಂದು ನಾವಿಬ್ಬರೂ ನಾರಾಯಣಖೇಡಕ್ಕೆ ಹೊರಟೆವು. ಜಹೀರಾಬಾದಿನಲ್ಲಿ ಬಸ್ಸು ಬದಲಿಸಬೇಕು. ಬಗಲಲ್ಲಿ ಊರುಗೋಲು ಇಟ್ಟುಕೊಂಡು ಅವರು ಬಸ್ಸಿಳಿಯುವುದನ್ನು ರಸ್ತೆಯಾಚೆಯಿಂದ ಉಸ್ತಾದ ನೋಡಿದ. ಓಡಿ ಬಂದ. ಎಲ್ಲರೂ ಅವರನ್ನು ಕಂಡು ಅಯ್ಯೋ ಎನ್ನುತ್ತಿದ್ದರು. ಇವನು ಹಾಗನ್ನಲಿಲ್ಲ. ಬಗ್ಗಿ, ಮಡಚಿ ಪಿನ್ನು ಹಾಕಿದ್ದ ಪಾಯಿಜಾಮದ ಮೇಲಿನಿಂದಲೇ ಮೊಂಡುಗಾಲನ್ನು ಕೈಯಿಂದ ಅಳೆದ.

“ಮೊಣಕಾಲ ಅದ. ಮಡಚ್ತದ?”

“ಮಡಚ್ತದ.”

“ಮತ್ತ ಯಾಕ ಬಸ್ಸಿನಾಗ ಬಂದೀರಿ ಸಾಹುಕಾರ್ರೆ? ಬ್ರೇಕು, ಎಕ್ಸಿಲೇಟರ್ ಎರಡೂ ಬಲಗಾಲಿಂದು. ಎಡಗಾಲಿಗೆ ಇರೋದು ಕ್ಲಚ್ ಒಂದೇ. ಅದನ್ನ ನಿಮ್ಮ ಮೊಣಕಾಲ ತನಕಾ ನಾ ತರ್ತೀನಿ.”

ಗೇರು ಬದಲಿಸುವಾಗಲೆಲ್ಲ ಕ್ಲಚ್ಚನ್ನು ಒತ್ತಬೇಕು. ತಾಂಡೂರಿನಿಂದ ಕಾರು ತರಿಸಿಕೊಂಡು, ಆ ಪೆಡಲಿಗೆ ಅವನು ಒಂದು ಕಬ್ಬಿಣದ ತೋಳನ್ನು ಬೆಸೆದು, ಅದು ಸೀಟಿನ ಕಡೆಗೆ ಚಾಚಿ ಬರುವಂತೆ ಮಾಡಿದ. ತೋಳಿನ ತುದಿಗೆ ಅಂಗೈಯಗಲದ ಬಟ್ಟಲಿನಂಥ ತಗಡು. ಅದಕ್ಕೆ ಚಪ್ಪಲಿ ಹೊಲಿಯುವವರಿಂದ ಹತ್ತಿ ತುಂಬಿಸಿ ತೊಗಲು ಹಾಸಿಸಿದ. ಕ್ಲಚ್ಚಿನೊಳಗೆ ಮೆತ್ತನೆಯ ಸ್ಪ್ರಿಂಗು ಹಾಕಿದ. ಮೊಂಡುಗಾಲನ್ನು ಆ ಬಟ್ಟಲಿಗಿಟ್ಟು ಮುಂದಕ್ಕೆ ತಳ್ಳಿದರೆ ಕ್ಲಚ್ಚು ಒತ್ತಿದಂತೆ. ಊರ ಹೊರಗಿನ ಬಯಲಲ್ಲಿ ಅವರು ಅದನ್ನು ಮೊದಲ ಸಲ ನಡೆಸಿದಾಗ ಕಾರು ಕಪ್ಪೆಯಂತೆ ಕುಪ್ಪಳಿಸಿ ನಿಂತಿತು. ಮತ್ತೆ ಚಾಲು ಮಾಡಿದರು, ಮತ್ತೆ ನಿಂತಿತು. ಆಮೇಲೆ ಹೊರಟಿತು. ಬಯಲನ್ನು ಸುತ್ತು ಹಾಕಿ ನಮ್ಮ ಮುಂದೆ ಹಾದುಹೋದರು, ನಿಲ್ಲಿಸಲಿಲ್ಲ. ಇನ್ನೊಂದು ಸುತ್ತು, ಮತ್ತೊಂದು ಸುತ್ತು. ಉಸ್ತಾದ ಚಪ್ಪಾಳೆ ತಟ್ಟುತ್ತಿದ್ದ. ನಾನು ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದೆ.

ಮುಂದಿನ ದಿನಗಳು ನಮ್ಮ ಸಂಸಾರದ ಒಳ್ಳೆಯ ದಿನಗಳು. ಗಡ್ಡ ಹೋಯಿತು. ಗಣಿ ಮತ್ತೆ ಅವರ ಕೈಗೆ ಬಂತು. ಕಾರು ನಿಧಾನಕ್ಕೇ ಹೋಗುತ್ತಿತ್ತು, ಗೇರು ಬದಲಿಸಲು ಅವರಿಗೆ ಒಂದು ಗಳಿಗೆ ಹೆಚ್ಚು ಬೇಕಾಗುತ್ತಿತ್ತು, ಅಷ್ಟೇ. ನನ್ನನ್ನೂ ಮಗಳನ್ನೂ ಕೂರಿಸಿಕೊಂಡು ನಾರಾಯಣಖೇಡದ ನಮ್ಮ ಮನೆಯ ಮುಂದೆ ಇಳಿಸಿದ ದಿನ ನನ್ನ ತಂದೆ ಗೋಡೆ ಹಿಡಿದುಕೊಂಡು ಹೊರಗೆ ಬಂದು, ಅಳಿಯನ ಭುಜ ತಟ್ಟಿ, “ಬಂದೇನಪ್ಪಾ, ನೀನೇ ನಡಸ್ಕೋತ ಬಂದಿ?” ಎಂದರು. ಅವರು ತಲೆ ತಗ್ಗಿಸಿ ನಕ್ಕದ್ದು ನನಗೆ ನೆನಪಿದೆ.

ಅದನ್ನೆಲ್ಲ ಕೆಡಿಸಲು ಒಂದು ಮಾತು ಸಾಕಾಯಿತು.

ತಾಂಡೂರಿನ ರೈಲು ಗೇಟು ಹಾಕಿತ್ತು. ನಾವು ಮೂವರೂ ಕಾರಿನಲ್ಲಿದ್ದೆವು. ಹಿಂದೆ ಊರಿನ ದೊಡ್ಡ ವ್ಯಾಪಾರಿಯೊಬ್ಬರ ಮಗನ ಹೊಸ ಕಾರು ನಿಂತಿತ್ತು, ತುಂಬ ಗೆಳೆಯರು. ಗೇಟು ತೆರೆಯಿತು. ಅವಸರದಲ್ಲಿ ಇವರ ಮೊಂಡುಗಾಲು ಬಟ್ಟಲಿನಿಂದ ಜಾರಿ, ಕಾರು ಹಳಿಯ ಮೇಲೆಯೇ ನಿಂತುಬಿಟ್ಟಿತು. ಹಿಂದಿನಿಂದ ಹಾರನ್ನು. ಆ ಹುಡುಗ ಪಕ್ಕಕ್ಕೆ ಬಂದು ತಲೆ ಹೊರಗೆ ಹಾಕಿ ಕೂಗಿದ: “ಲಂಗಡೇಕಿ ಗಾಡಿ ಹೈ ರೇ! ಬಾಜು ಲೇಲೋ!”

ಕುಂಟನ ಗಾಡಿ, ಪಕ್ಕಕ್ಕೆ ತಗೊಳ್ಳಿ ಎಂದು. ಕಾರಿನೊಳಗೆ ಎಲ್ಲರೂ ನಕ್ಕರು. ಧೂಳೆಬ್ಬಿಸಿಕೊಂಡು ಹೋದರು.

ಅವರು ಮತ್ತೆ ಕಾರು ಚಾಲು ಮಾಡಿದರು. ಮನೆಗೆ ಬಂದು ಊಟ ಮಾಡಿದರು. ಮಗಳು, “ಅಪ್ಪಾ, ಅವರಿಗ್ಯಾಕ ಬೈಲಿಲ್ಲ?” ಎಂದು ಕೇಳಿದಳು. ಅವರು ಕೈ ತೊಳೆಯಲು ಎದ್ದರು. ಮರುದಿನ ಜಹೀರಾಬಾದಿಗೆ ಹೋದರು. ಕಾರನ್ನು ಉಸ್ತಾದನ ಬಳಿ ಬಿಟ್ಟು ಬಸ್ಸಿನಲ್ಲಿ ತಿರುಗಿ ಬಂದರು. ಬಸ್ಸಿನಲ್ಲಿ ಬಂದರೂ ಮುಖ ಸೊಟ್ಟಗಿರಲಿಲ್ಲ, ಅದೇ ನನಗೆ ವಿಚಿತ್ರವೆನಿಸಿತು.

ಕಾರು ಮರಳಿ ಬಂದಾಗ ನಾನು ಗುರುತಿಸಲಿಲ್ಲ, ಅದರ ಸದ್ದು ಓಣಿಯ ತುದಿಯಿಂದಲೇ ಎದೆಗೆ ಬಡಿಯುತ್ತಿತ್ತು. ಸೈಲೆನ್ಸರು ಕತ್ತರಿಸಿ ಬರಿಯ ನಳಿಗೆ ಬಿಟ್ಟಿದ್ದರು. ಎಂಜಿನ್ನಿಗೆ ಪೆಟ್ರೋಲು ಉಣಿಸುವ ಕಾರ್ಬೊರೇಟರ್ ಒಂದಿದ್ದ ಕಡೆ ಎರಡು. ಸ್ಪ್ರಿಂಗುಗಳ ಸುತ್ತು ಕತ್ತರಿಸಿ, ಎತ್ತರಿಸಿದ್ದ ಕಾರನ್ನು ಮೊದಲಿಗಿಂತ ಕೆಳಕ್ಕೆ ಇಳಿಸಿದ್ದರು. ಅಡಿಯ ತಗಡು ನೆಲಕ್ಕೆ ತಾಗುತ್ತದೆಂದು ಬಿಚ್ಚಿ ಹಾಕಿದ್ದರು, ತಲೆಯ ಮೇಲಿನ ಚೌಕಟ್ಟೂ ಹೋಗಿತ್ತು. ನಾನು ಒಳಗೆ ಇಣುಕಿದೆ.

“ಹಿಂದಿನ ಸೀಟ, ಬಾಜೂ ಸೀಟ ಎರಡೂ ಎಲ್ಲಿ ಹೋದವ್ರಿ?”

“ವಜ್ಜಿ ಆಗ್ತದ, ಗಾಡಿ ಓಡಂಗಿಲ್ಲ, ತೆಗಸೀನಿ.”

“ಮಗಳ ಎಲ್ಲಿ ಕುಂದರಬೇಕು?”

“ಟಾಂಗಾ ಅದಲ್ಲ.”

ಮಗಳು ಮತ್ತೆ ಟಾಂಗಾದಲ್ಲಿ ಶಾಲೆಗೆ ಹೋಗತೊಡಗಿದಳು.

ಕಾರಿಗೆ ಶಕ್ತಿ ಹೆಚ್ಚಿತು. ಆ ಶಕ್ತಿಗೆ ಮೆತ್ತನೆಯ ಕ್ಲಚ್ಚು ತಡೆಯದೆ ಜಾರತೊಡಗಿತು. ಉಸ್ತಾದ ಅದಕ್ಕೆ ಬಿರುಸಾದ ಸ್ಪ್ರಿಂಗುಗಳನ್ನು ಹಾಕಿದ. ಒಂದು ದಿನ ಕಾರಿನಲ್ಲಿ ಯಾರೂ ಇಲ್ಲದಾಗ ನಾನು ಕೂತು, ಆ ತೊಗಲಿನ ಬಟ್ಟಲನ್ನು ಎರಡೂ ಕೈಯಿಂದ ಒತ್ತಿ ನೋಡಿದೆ. ಅಲುಗಲಿಲ್ಲ. ಅದನ್ನು ಅವರು ಮೊಂಡುಗಾಲಿನಿಂದ, ಮೂಳೆಯ ತುದಿಗೆ ತೆಳ್ಳಗೆ ಚರ್ಮ ಹೊಲಿದ ಆ ಜಾಗದಿಂದ, ದಿನವಿಡೀ ತಳ್ಳುತ್ತಿದ್ದರು.

ಬಶೀರಾಬಾದಿನ ಕಡೆಗೆ ಒಂದು ನೇರ ರಸ್ತೆಯಿದೆ. ಅಲ್ಲಿ ಆ ವ್ಯಾಪಾರಿಯ ಮಗನ ಕಾರನ್ನು ಹಿಂದೆ ಹಾಕಿ ಬಂದ ದಿನ ಅವರು ಅಂಗಳದಿಂದಲೇ ಕೂಗಿದರು: “ಯವ್ವಾ! ದಾಟಿ ಬಂದೆ ನೋಡು! ಧೂಳ ತಿನ್ನಿಸಿ ಬಂದೆ!” ಅತ್ತೆಗೆ ಅದೇನೆಂದು ತಿಳಿಯದಿದ್ದರೂ ಮಗ ನಗುತ್ತಿದ್ದಾನೆಂದು ತಾವೂ ನಕ್ಕರು. ಅವರು ಊರುಗೋಲು ಹಿಡಿದು ಇಳಿದಾಗ ನನಗೆ ಪಾಯಿಜಾಮದ ಮಡಿಕೆ ಕಪ್ಪಗೆ ಒದ್ದೆಯಾಗಿರುವುದು ಕಂಡಿತು.

ಒಳಗೆ ಕೂರಿಸಿ ಬಿಚ್ಚಿದೆ. ಹೊಲಿಗೆಯ ಗೆರೆ ಬಾಯಿ ಬಿಟ್ಟಿತ್ತು.

“ಏನಿದು?”

“ತೊಗಲ ಜರಾ ಸುಲದದ. ಎಣ್ಣಿ ಹಚ್ಚು.”

“ಉಸ್ತಾದಗ ಹೇಳಿ ಹಳೀ ಸ್ಪ್ರಿಂಗ ಹಾಕಸ್ರಿ.”

“ಹಾಕ್ಸಿದ್ರ ಜಾರ್ತದ.”

“ಜಾರ್ಲಿ. ಸಾವಕಾಶ ಹೋಗ್ರಿ. ನಮ್ಮ ಗಣಿ ಎಲ್ಲಿ ಓಡಿ ಹೋಗ್ತದ?”

ನಾನು ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಒರೆಸುತ್ತಿದ್ದೆ.

“ನಡೀವಾಗ ಎಲ್ಲಾರೂ ನನಗ ದಾಟಿ ಹೋಗ್ತಾರ,” ಎಂದರು. “ಮಠದಾಗ, ಮದಿವಿ ಮನ್ಯಾಗ, ಬಜಾರದಾಗ. ಮುದುಕರೂ ದಾಟಿ ಹೋಗ್ತಾರ. ಹೋಗುವಾಗ ಒಮ್ಮಿ ಹೊಳ್ಳಿ ನೋಡ್ತಾರ. ಆ ಗಾಡ್ಯಾಗ ಕುಂತಾಗರ ಯಾರೂ ನನಗ ದಾಟಬಾರ್ದು.”

ಬೇಡವೆಂದು ಹೇಳಿದೆ, ಜಗಳವನ್ನೂ ಆಡಿದೆ, ಊಟ ಬಿಟ್ಟೆ. ಅತ್ತೆ ಅತ್ತರು. ಗಾಯ ಒಂದಿಷ್ಟು ಆರುವುದು, ಅವರು ಮತ್ತೆ ಕಾರು ಹತ್ತುವುದು, ಮತ್ತೆ ಒಡೆಯುವುದು. ಬಟ್ಟಲಿನ ತೊಗಲು ಕಲೆ ಹಿಡಿದು ಗಡುಸಾಯಿತು. ತವರಿಗೆ ಹೋಗುವ ದಾರಿಯಲ್ಲಿ ನಾನೊಬ್ಬಳೇ ಜಹೀರಾಬಾದಿನಲ್ಲಿ ಇಳಿದು ಉಸ್ತಾದನ ಗ್ಯಾರೇಜಿಗೆ ಹೋದೆ. ಗಾಯದ ವಿಷಯ ಹೇಳಿದೆ.

“ನಾ ಒಲ್ಲೆ ಅಂದ್ರ ಇನ್ನೊಬ್ಬನ ಕಡಿ ಹೋಗ್ತಾರ ಭಾಬೀ,” ಎಂದ. ಅವನಿಗೂ ಕಳವಳವಾದಂತಿತ್ತು. ಆದರೆ ಮರುಗಳಿಗೆಯಲ್ಲೇ ಅವನ ಕಣ್ಣು ಬೆಳಗಿತು. “ಖರೇ ಹೇಳ್ತೀನಿ, ಅಂಥಾ ಗಾಡಿ ನಾ ಜಲ್ಮದಾಗ ಮಾಡಿಲ್ಲ. ನೀವು ಕುಂತು ನೋಡ್ರಿ ಒಮ್ಮಿ. ಹಾರ್ತದ, ಹಾರ್ತದ!”

ನಾನು ಎದ್ದು ಬಂದೆ.

ಬೇಸಿಗೆಯ ಒಂದು ಬೆಳಗ್ಗೆ ಅವರ ಮೈ ಕಾದ ಹೆಂಚಾಗಿತ್ತು. ಹಿಂದಿನ ದಿನ ಗಾಯಕ್ಕೆ ತಾವೇ ಪಟ್ಟಿ ಸುತ್ತಿಕೊಂಡು ನನಗೆ ಬಿಚ್ಚಲು ಬಿಟ್ಟಿರಲಿಲ್ಲ. ಈಗ ಬಿಚ್ಚಿದರೆ ಕೋಣೆಯಲ್ಲಿ ನಿಲ್ಲಲಾಗದ ವಾಸನೆ. ಮೊಣಕಾಲಿನವರೆಗೆ ಚರ್ಮ ಕಪ್ಪಿಟ್ಟಿತ್ತು. ಊರ ಡಾಕ್ಟರು ನೋಡಿ, ಇಲ್ಲಿ ಏನೂ ಆಗುವುದಿಲ್ಲ, ಈಗಿಂದೀಗ ಹೈದರಾಬಾದಿಗೆ ಒಯ್ಯಿರಿ ಎಂದರು. ಬೆಳಗಿನ ರೈಲು ಹೋಗಿತ್ತು, ಮುಂದಿನದು ಸಂಜೆಗೆ. ಲಗ್ನದ ದಿನಗಳು, ಬಾಡಿಗೆಗೆ ಒಂದು ಟ್ಯಾಕ್ಸಿ ಇರಲಿಲ್ಲ. ಅಂಗಳದಲ್ಲಿ ಕಾರು ಇತ್ತು.

ನಮ್ಮ ಗಣಿಯ ಲಾರಿ ರಿಪೇರಿಗೆ ಹೋಗಿತ್ತು, ಅದರ ಡ್ರೈವರನನ್ನು ಕರೆಸಿದೆವು. ಹಿಂದಿನ ಸೀಟಿದ್ದ ಕಡೆ ಬರಿಯ ತಗಡು. ಅದರ ಮೇಲೆ ಗಾದಿ ಹಾಸಿ, ಆ ಸಣ್ಣ ಬಾಗಿಲಿನಿಂದ ಇಬ್ಬರು ಹಿಡಿದು ಅವರನ್ನು ಒಳಗೆ ತೂರಿಸಿದರು. ಅವರು ಕೂಗಿದ ಕೂಗು ಓಣಿಗೆಲ್ಲ ಕೇಳಿಸಿತು. ನಾನು ಪಕ್ಕದಲ್ಲಿ ಮುದುಡಿ ಕೂತೆ. ಡ್ರೈವರನ ಎಡಗಾಲಿಗೆ ಆ ಕಬ್ಬಿಣದ ತೋಳು ಅಡ್ಡ ಬರುತ್ತಿತ್ತು, ತೊಡೆ ಎತ್ತಿ ಒತ್ತುವಾಗ ಅವನು ಹಲ್ಲು ಕಚ್ಚುತ್ತಿದ್ದ. “ಅಕ್ಕಾ, ಇದನ್ನ ಸಾಹುಕಾರ್ರು ಹೆಂಗ ನಡಸ್ತಿದ್ರು?” ಎಂದು ಕೇಳಿದ.

ಧಾರೂರಿನ ಹತ್ತಿರ ರಸ್ತೆ ರಿಪೇರಿಗೆ ಜಲ್ಲಿ ಸುರಿದಿದ್ದರು. ಡ್ರೈವರ ನಿಧಾನಕ್ಕೇ ಹೋದ. ಆದರೂ ಅಡಿಯಲ್ಲಿ ಏನೋ ಬಡಿದು, ಕರಕರ ಎಳೆದ ಸದ್ದಾಯಿತು. ಸ್ವಲ್ಪ ದೂರ ಹೋದ ಮೇಲೆ ಎಂಜಿನ್ನು ಕಿರುಚಿ ನಿಂತಿತು. ಇಳಿದು ನೋಡಿದರೆ ರಸ್ತೆಯುದ್ದಕ್ಕೂ ಎಣ್ಣೆಯ ಗೆರೆ. ಎಂಜಿನ್ನಿನ ಹೊಟ್ಟೆ ಸೀಳಿತ್ತು.

ಬಿಸಿಲು. ಗಿಡದ ನೆರಳಿಗೆ ಗಾದಿ ಎಳೆದೆವು. ಒಂದು ಬಸ್ಸು ಬಂತು, ಒಳಗೆ ನಿಲ್ಲಲೂ ಜಾಗವಿಲ್ಲ, ಕಂಡಕ್ಟರು ಅವರ ಕಾಲು ನೋಡಿ ತಲೆಯಾಡಿಸಿ ಸೀಟಿ ಊದಿದ. ನೊಣ ಓಡಿಸುತ್ತ ನಾನು ಕೂತಿದ್ದೆ. ಕಡೆಗೆ ಹೈದರಾಬಾದಿಗೆ ಕಲ್ಲು ಒಯ್ಯುವ ಲಾರಿಯೊಂದು ನಿಂತಿತು. ಪರಸಿ ಕಲ್ಲುಗಳ ಮೇಲೆ ಗಾದಿ ಹಾಸಿ ಅವರನ್ನು ಮಲಗಿಸಿದೆವು. ಜ್ವರದಲ್ಲಿ ಅವರು ಗಾದಿಯಾಚೆಗೆ ಕೈ ಚಾಚಿ ಕಲ್ಲನ್ನು ಮುಟ್ಟಿದರು.

“ತಣ್ಣಗವ,” ಎಂದರು.

ದಾರಿಯಲ್ಲಿ ಅವರು ಆಡಿದ ಮಾತು ಅದೊಂದೇ.

ಮೈಯಲ್ಲಿ ಸಕ್ಕರೆ ಇದೆಯೆಂದು ದವಾಖಾನೆಯಲ್ಲಿ ಗೊತ್ತಾಯಿತು. ಗಾಯ ಆರದಿದ್ದದ್ದಕ್ಕೆ ಅದೂ ಒಂದು ಕಾರಣವಂತೆ. ಜೀವ ಉಳಿಸಲು ಕಾಲನ್ನು ತೊಡೆಯ ಬುಡದವರೆಗೆ ತೆಗೆದರು. ಮೊಣಕಾಲು ಹೋಯಿತು. ಎಚ್ಚರವಾದ ಮೇಲೆ ಅವರು ಹೊದಿಕೆಯ ಕೆಳಗೆ ಕೈ ಹಾಕಿ ತಡವಿ ನೋಡಿಕೊಂಡು, ಗೋಡೆಯ ಕಡೆ ಮುಖ ತಿರುಗಿಸಿದರು.

ಮನೆಗೆ ಬಂದ ಮೇಲೆ ಉಸ್ತಾದ ನೋಡಲು ಬಂದ. ಬಾಗಿಲಲ್ಲಿ ನಿಂತು ದೊಡ್ಡ ದನಿಯಲ್ಲಿ ಅತ್ತ. ಅವರು ಅವನ ಕಡೆ ತಿರುಗಲಿಲ್ಲ. ಧಾರೂರಿನಿಂದ ಕಾರನ್ನು ಅವನೇ ಲಾರಿಗೆ ಕಟ್ಟಿ ಎಳೆದೊಯ್ದಿದ್ದ.

“ಏನ್ಮಾಡ್ಲಿ ಭಾಬೀ ಅದನ್ನ? ಮಾರ್ಲಿ?”

“ಬ್ಯಾಡ. ಸೀಟು ಹಾಕ್ರಿ. ತಗಡು ಹಾಕ್ರಿ. ಎತ್ತರ ಮಾಡ್ರಿ. ಆ ಕಬ್ಬಿಣದ ತೋಳು ತೆಗೀರಿ, ಎರಡು ಕಾಲಿದ್ದವರು ನಡಸುವಂಗ ಮಾಡ್ರಿ.”

“ಯಾರು ನಡಸ್ತಾರ?”

“ನಾ ನಡಸ್ತೀನಿ.”

ಧೈರ್ಯದಿಂದ ಹೇಳಿದ್ದಲ್ಲ. ಮೇಸ್ತ್ರಿಯ ಕೈಯಲ್ಲಿ ಗಣಿ ಮುಳುಗುತ್ತಿತ್ತು, ದಿನಾ ಅಲ್ಲಿ ಮನೆಯವರೊಬ್ಬರು ಇರಬೇಕಿತ್ತು, ಮನೆಯಲ್ಲಿ ಎರಡು ಕಾಲಿನವರು ಎಂದರೆ ಅತ್ತೆ, ನಾನು ಮತ್ತು ಮಗಳು. ಲಾರಿ ಡ್ರೈವರ ಕಲಿಸಿದ. ಸೆರಗು ಸೊಂಟಕ್ಕೆ ಸಿಕ್ಕಿಸಿ ಗಣಿಯ ಬಯಲಲ್ಲಿ ಸುತ್ತು ಹಾಕಿದೆ. ಮೊದಲ ಸಲ ಬಜಾರಿನಲ್ಲಿ ಹಾದುಹೋದಾಗ ಅಂಗಡಿಯವರು ತೂಗುವ ತಕ್ಕಡಿ ಬಿಟ್ಟು ಹೊರಗೆ ಬಂದು ನಿಂತರು. ನಮ್ಮವರೇ ಕೆಲವರು, ಗಂಡ ಹಾಸಿಗೆಯಲ್ಲಿ, ಇವಳು ಮೋಟಾರಿನಲ್ಲಿ ಎಂದರು. ಅದು ನನ್ನ ಕಿವಿಗೂ ಬಂತು. ಅವರ ಕಿವಿಗೂ ಬಂದಿರಬೇಕು.

ಅವರು ಆ ಕಾರನ್ನು ಮತ್ತೆ ನೋಡಲಿಲ್ಲ. ಅಂಗಳದ ಕಡೆಯ ಕಿಟಕಿಯನ್ನು ಮುಚ್ಚಿಸಿದರು. ನಾನು ಹೊರಡುವಾಗ ಹೋಗಿ ಬರುತ್ತೇನೆ ಎಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಹೀಗೆ ಬಹಳ ದಿನ ಹೋಯಿತು. ಒಂದು ಸಂಜೆ ಗಣಿಯಿಂದ ಬಂದು ಕೈಕಾಲು ತೊಳೆದು ಗಂಜಿ ತೆಗೆದುಕೊಂಡು ಹೋದಾಗ ಅವರು ಸೂರು ನೋಡುತ್ತಲೇ ಮಾತಾಡಿದರು.

“ನೀ ಕ್ಲಚ್ ಒಮ್ಮಿಗ್ಲೆ ಬಿಡ್ತಿ.”

ನಾನು ಗಂಜಿ ಕೆಳಗಿಟ್ಟೆ. “ಏನಂದ್ರಿ?”

“ದಿನಾ ಕೇಳ್ತೀನಿ. ಓಣಿ ತಿರುಗುವಾಗ ಗಾಡಿ ಜಗ್ತದ. ಗೇರಿನ ಹಲ್ಲ ಸವೀತಾವ. ಸಾವಕಾಶ ಬಿಡು. ಅರ್ಧಾ ಬಿಟ್ಟು ಜರಾ ತಡಿ, ಆಮ್ಯಾಲ ಪೂರಾ ಬಿಡು.”

“ಆತು,” ಎಂದೆ.

ಮರುದಿನ ಹಾಗೆಯೇ ಮಾಡಿದೆ. ಸಂಜೆ ಬಂದಾಗ ಕೇಳಿದೆ, ಸರಿಯಾಯಿತೇ ಎಂದು. “ಹೂಂ,” ಎಂದರು. ಆಮೇಲೆ ಆಗಾಗ ಹೇಳುತ್ತಿದ್ದರು, ಇವತ್ತು ಎಂಜಿನ್ನು ಕಾದಿದೆ, ನೀರು ನೋಡು. ಬಲಗಡೆಯ ಚಕ್ರ ಏನೋ ಸದ್ದು ಮಾಡುತ್ತದೆ. ಮಾತೆಂದರೆ ಅಷ್ಟೇ. ಒಮ್ಮೆ ಮಗಳು, “ಅಪ್ಪಾ, ಹಿಂದ ಕುಂದರ್ರಿ, ಗಣಿ ತನಕಾ ಹೋಗಿ ಬರೋಣು,” ಎಂದಾಗ ಮಾತ್ರ, “ಬ್ಯಾಡವ್ವಾ, ನನಗ ಅದರ ಅವಾಜ ಸಾಕು,” ಎಂದರು.

ಮಗಳು ಹತ್ತನೆಯ ಇಯತ್ತೆಗೆ ಹೋದ ವರ್ಷ ಬಲಗಾಲಿನ ಬೆರಳಿಗೆ ಚಿಕ್ಕ ಗಾಯವಾಯಿತು. ಯಾತರಿಂದ ಎಂದು ಯಾರಿಗೂ ತಿಳಿಯಲಿಲ್ಲ. ಈ ಸಲ ನಾನು ತಡಮಾಡಲಿಲ್ಲ, ಅಂದೇ ಒಯ್ಯೋಣ ಎಂದೆ. ಅವರು ಒಪ್ಪಲಿಲ್ಲ. ಇನ್ನೊಂದು ಕಾಲು ಕೊಡಲಾರೆ ಎಂದು ಸ್ಪಷ್ಟವಾಗಿ ಹೇಳಿದರು. ಡಾಕ್ಟರನ್ನು ಮನೆಗೇ ಕರೆತಂದೆ, ಸೂಜಿ ಹಾಕಿಸಿದೆ, ಅತ್ತೆ ಕಾಲು ಹಿಡಿದು ಬೇಡಿಕೊಂಡರು. ಮಳೆಗಾಲ ಮುಗಿಯುವ ಮೊದಲೇ ಅವರು ಹೋದರು.

ನಮ್ಮಲ್ಲಿ ಸತ್ತವರನ್ನು ಪದ್ಮಾಸನದಲ್ಲಿ ಕೂರಿಸಿ ಮಣ್ಣು ಕೊಡುತ್ತಾರೆ, ಕೈಯಲ್ಲಿ ಲಿಂಗವಿಟ್ಟು. ಒಂದೇ ಕಾಲಿನವರನ್ನು ಹೇಗೆ ಕೂರಿಸುವುದೆಂದು ಗುಂಡಿಯ ಬಳಿ ಹಿರಿಯರು ಮಾತಾಡಿಕೊಂಡರು. ಕೂರಿಸಿದರೆ ಎಡಕ್ಕೆ ವಾಲುತ್ತಿದ್ದರು. ಜಂಗಮ ಅಯ್ಯನವರು ವಿಭೂತಿ ಗಟ್ಟಿಗಳನ್ನು ಇಟ್ಟು ನೋಡಿದರು, ಸಾಲಲಿಲ್ಲ. ಕೊನೆಗೆ ನಾನು ಹೊದ್ದಿದ್ದ ಶಾಲನ್ನು ಸುತ್ತಿ ಕೊಟ್ಟೆ. ಅದನ್ನು ಎಡಗಾಲಿನ ಜಾಗದಲ್ಲಿ ಮಡಚಿ ಇಟ್ಟರು. ಅವರು ನೆಟ್ಟಗೆ ಕೂತರು.